ಹಡಗು ಹತ್ತಬೇಕಿದ್ದ ಗೌನು

ಸೋಮವಾರ ಬೆಳಿಗ್ಗೆ ಅಂಗಡಿಯ ಷಟರ್ ಅರ್ಧ ಎತ್ತಿದ್ದೆ ಅಷ್ಟೇ, ಆ ಹೆಂಗಸು ಬಗ್ಗಿಕೊಂಡು ಒಳಗೇ ಬಂದರು. ತೋಳಿನ ಮೇಲೆ ಹಳೆಯ ಬೆಡ್‌ಶೀಟಿನಲ್ಲಿ ಸುತ್ತಿದ ಮೂರು ಉದ್ದನೆಯ ಗೌನುಗಳಿದ್ದವು. ಶುಕ್ರವಾರ ಬೆಳಗಿನ ವಿಮಾನಕ್ಕೆ ಮುಂಬೈ, ಅಲ್ಲಿಂದ ಹಡಗು, ಐದು ದಿನ ಸಮುದ್ರದ ಮೇಲೆ, ಅದರಲ್ಲಿ ಎರಡು ಸಂಜೆ ಹೆಂಗಸರೆಲ್ಲ ಗೌನು, ಗಂಡಸರೆಲ್ಲ ಕೋಟು ಹಾಕಿಕೊಂಡೇ ಊಟಕ್ಕೆ ಹೋಗಬೇಕು, ಇದಿಷ್ಟನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಗೌನುಗಳು ಸ್ವಚ್ಛವಾಗಬೇಕು, ಜೊತೆಗೆ ಸೂಟ್‌ಕೇಸಿಗೆ ಇಡುವಂತೆ ನಾನೇ ಮಡಿಸಿ ಕೊಡಬೇಕು. ಹಡಗಿನ ಕೋಣೆಗೆ ಇಸ್ತ್ರಿಪೆಟ್ಟಿಗೆ ಒಯ್ಯಲು ಬಿಡುವುದಿಲ್ಲವಂತೆ. ಸುಕ್ಕಾದರೆ ಸುಕ್ಕಿನಲ್ಲೇ ಊಟ.

ಬಸವೇಶ್ವರನಗರದಲ್ಲಿ ಡ್ರೈಕ್ಲೀನಿಂಗ್ ಅಂಗಡಿ ಇಟ್ಟುಕೊಂಡವಳಿಗೆ ರೇಷ್ಮೆ ಸೀರೆ, ಮದುವೆಯ ಸೂಟು, ಶೇರ್ವಾನಿ ದಿನದ ಪಾಡು. ಗೌನು ಬರುವುದು ಅಪರೂಪ, ಬಂದರೂ ಚಿಕ್ಕ ಹುಡುಗಿಯರ ಹುಟ್ಟುಹಬ್ಬದ್ದು. ಐವತ್ತು ದಾಟಿದ ಹೆಂಗಸರು ತಮಗಾಗಿ ಹೊಲಿಸಿದ ಗೌನು ನನ್ನ ಕೌಂಟರಿಗೆ ಬಂದದ್ದು ಅದೇ ಮೊದಲು. ನನಗೂ ಒಂದಿಷ್ಟು ಹುಮ್ಮಸ್ಸು ಬಂತು.

ಹೊಸ ಬಟ್ಟೆಗೆ ಕ್ಲೀನಿಂಗ್ ಯಾಕೆ ಎಂದು ಕೇಳಿದೆ. ವಿಜಯನಗರದ ಟೈಲರ್ ಶನಿವಾರ ಕೊಟ್ಟನಂತೆ. ಭಾನುವಾರ ಮಹಾಲಕ್ಷ್ಮಿ ಲೇಔಟಿನ ತವರುಮನೆಯಲ್ಲಿ ಹೋಳಿಗೆ ಊಟ. ಅಮ್ಮನಿಗೆ ತೋರಿಸೋಣವೆಂದು ಅಕ್ಕತಂಗಿಯರಿಬ್ಬರೂ ಅಲ್ಲೇ ಗೌನು ಹಾಕಿಕೊಂಡು ಓಡಾಡಿದ್ದಾರೆ. ಅಂಚು ನೆಲಕ್ಕೆ ಎಳೆದಿದೆ, ಬಡಿಸುವಾಗ ಅದೂ ಇದೂ ಚೆಲ್ಲಿದೆ. ಹಸಿರು ವೆಲ್ವೆಟ್ಟಿನದು, ದ್ರಾಕ್ಷಿ ಬಣ್ಣದ ಮೇಲೆ ಮಿಣಿಮಿಣಿ ಚಮಕಿಯದು, ಇವೆರಡೂ ಈ ತಂಗಿಯವು. ಕೆನೆ ಬಣ್ಣದ ಸ್ಯಾಟಿನ್ನಿನದು ಅಕ್ಕನದು.

ಅಕ್ಕನ ವಿಷಯ ಬಂದಾಗ ಅವರ ದನಿ ತಗ್ಗಿತು. ಅಕ್ಕ ಇರುವುದು ಅತ್ತಿಗುಪ್ಪೆಯಲ್ಲಿ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದವರು. ಎರಡು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆ ಎಲ್ಲಿಗೂ ಹೋಗಿಲ್ಲ. ಮದುವೆಗೆ ಕರೆದರೆ ಧಾರೆ ಮುಗಿದ ಮೇಲೆ ಬಂದು, ಕೊನೆಯ ಪಂಕ್ತಿಯಲ್ಲಿ ಕೂತು ಉಂಡು ಹೊರಟುಬಿಡುತ್ತಾರೆ. ಹಡಗಿಗೆ ಒಪ್ಪಿಸಲು ತಂಗಿಗೆ ಆರು ತಿಂಗಳು ಹಿಡಿದಿದೆ. ಎರಡು ಗೌನು ಎಂದರೆ ಒಂದು ಸಾಕು ಎಂದರಂತೆ, ಬಣ್ಣದ್ದು ಬೇಡವೇ ಬೇಡ ಎಂದರಂತೆ.

"ಅವಳಿಗೆ ಒಂದು ನೆಪ ಬೇಕು ಅಷ್ಟೆ ಮೇಡಂ," ಎಂದರು ತಂಗಿ. "ಗೌನಿಗೆ ಏನೋ ಆಯ್ತು ಅಂದ್ರೆ ಸಾಕು, ಹಡಗೂ ಬೇಡ ಏನೂ ಬೇಡ ಅಂತ ಕೂತ್ಬಿಡ್ತಾಳೆ. ಆಮೇಲೆ ನನ್ನ ಕೈಲಿ ಎಬ್ಬಿಸೋಕಾಗಲ್ಲ."

ನಮ್ಮಲ್ಲಿ ಬಟ್ಟೆ ತೆಗೆದುಕೊಳ್ಳುವಾಗ ಒಂದು ಕ್ರಮವಿದೆ. ಗಿರಾಕಿಯನ್ನು ಎದುರಿಗೆ ನಿಲ್ಲಿಸಿಕೊಂಡೇ ಪ್ರತಿ ಬಟ್ಟೆಯನ್ನೂ ಟ್ಯೂಬ್‌ಲೈಟಿನ ಕೆಳಗೆ ಹರಡಿ, ಕಲೆ ಎಲ್ಲಿದೆ, ಯಾವುದರದು ಎಂದು ಕೇಳಿ, ಸುತ್ತ ದಾರದಲ್ಲಿ ಎರಡು ಹೊಲಿಗೆ ಹಾಕಿ ಗುರುತು ಮಾಡುತ್ತೇನೆ. ಹಸಿರಿನ ಮೇಲೆ ಪಾಯಸದ ಹನಿ. ದ್ರಾಕ್ಷಿ ಬಣ್ಣದ್ದರ ಕತ್ತಿನಲ್ಲಿ ಪೌಡರು, ಕಂಕುಳಲ್ಲಿ ಬೆವರು. ಕೆನೆ ಬಣ್ಣದ್ದರ ಕೆಳಅಂಚಿಗೆ ನೆಲದ ಧೂಳು, ಮತ್ತೆ ಎಡಗಡೆ ಅಂಚಿನ ಒಳಮಡಿಕೆಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಹಳದಿ. ಸ್ಯಾಟಿನ್ ತೆಳುವಾದ್ದರಿಂದ ಹೊರಗಡೆಗೂ ಮಸುಕಾಗಿ ಕಾಣುತ್ತಿತ್ತು. ತಂಗಿ ಅದನ್ನು ಆಗಲೇ ನೋಡಿದ್ದು. ಊಟದ್ದೇ ಇರಬೇಕು ಎಂದರು. ನಾನೂ ತಲೆಯಾಡಿಸಿದೆ. ನಮ್ಮ ಎಲೆಯ ಮೇಲೆ ಬೀಳುವುದರಲ್ಲಿ ಅರ್ಧ ಹಳದಿಯೇ ಅಲ್ಲವೇ. ಚೀಟಿಯಲ್ಲಿ 'ಸಾರು' ಎಂದು ಬರೆದೆ.

ಆ ವಾರ ನನ್ನ ಬಲಗೈ ಊರಲ್ಲಿರಲಿಲ್ಲ. ಕಲೆ ತೆಗೆಯುವ ಕೆಲಸ ನಮ್ಮಲ್ಲಿ ಕಲಬುರಗಿ ಕಡೆಯ ಹಿರಿಯರೊಬ್ಬರದು, ಹನ್ನೆರಡು ವರ್ಷದಿಂದ ಅವರೇ. ಮಗಳ ನಿಶ್ಚಿತಾರ್ಥಕ್ಕೆಂದು ಹೋಗಿದ್ದರು. ಅವರು ಬರುವವರೆಗೆ ಕಷ್ಟದ ಕಲೆ ಮುಟ್ಟಬೇಡಿ ಎಂದು ಹೇಳಿಯೇ ಹೋಗಿದ್ದರು. ಅಂಗಡಿ ನನ್ನದು, ನನಗೆ ಹೇಳುತ್ತಾರಲ್ಲ ಎಂದು ಒಳಗೊಳಗೇ ಉರಿದಿತ್ತು.

ಮಂಗಳವಾರ ತಂಗಿಯ ಎರಡು ಗೌನು ಮುಗಿಸಿದೆ. ಚಮಕಿಯದನ್ನು ಮೆಷಿನ್ನಿಗೆ ಹಾಕುವ ಮುಂಚೆ ಹತ್ತಿಯನ್ನು ಸಾಲ್ವೆಂಟಿನಲ್ಲಿ ಅದ್ದಿ ಒಂದು ಚಮಕಿಯ ಮೇಲೆ ಒತ್ತಿ ನೋಡಿದೆ. ಹತ್ತಿ ನೇರಳೆಯಾಯಿತು. ಮೆಷಿನ್ನಿಗೆ ಬಿಟ್ಟಿದ್ದರೆ ಸಾವಿರ ಚಮಕಿಯೂ ಬಣ್ಣ ಬಿಟ್ಟು ಮೀನಿನ ಪೊರೆಯ ಹಾಗೆ ಬೆಳ್ಳಗಾಗುತ್ತಿದ್ದವು. ಒಳಗನ್ನು ಹೊರಗೆ ಮಾಡಿ, ಲೈನಿಂಗನ್ನಷ್ಟೇ ಕೈಯಲ್ಲಿ ಒರೆಸಿ ಕಲೆ ತೆಗೆದೆ. ವೆಲ್ವೆಟ್ಟಿಗೆ ಇಸ್ತ್ರಿ ತಾಗಿಸಲೇಬಾರದು, ನೇತುಹಾಕಿ ಹಿಂಬದಿಯಿಂದ ಹಬೆ ಕೊಟ್ಟೆ. ಎರಡೂ ಚೆನ್ನಾಗಿ ಬಂದವು. ಸಂಜೆ ಮನೆಗೆ ಹೋಗುವಾಗ ಕಲಬುರಗಿಯವರಿಲ್ಲದೆಯೂ ಅಂಗಡಿ ನಡೆಯುತ್ತದೆ ಎಂದುಕೊಂಡೆ. ಮನಸ್ಸಿನಲ್ಲೂ ಅಂದುಕೊಳ್ಳಬಾರದ ಮಾತು.

ಬುಧವಾರ ಬೆಳಿಗ್ಗೆ ಕೆನೆ ಬಣ್ಣದ್ದನ್ನು ಎತ್ತಿಕೊಂಡೆ. ಅಂಚಿನ ಧೂಳು ಸುಲಭವಾಗಿ ಬಿಟ್ಟಿತು. ಹಳದಿಯ ಜಾಗವನ್ನು ಕಲೆ ತೆಗೆಯುವ ಮೇಜಿನ ಮೇಲೆ ಹರಡಿದೆ. ಊಟದ ಕಲೆಗೆ ನಮ್ಮ ಕ್ರಮ ಗೊತ್ತಿರುವುದೇ: ಮೊದಲು ಸೋಪಿನ ನೀರಿಗೆ ಎರಡು ಹನಿ ಅಮೋನಿಯ, ಮೃದು ಬ್ರಷ್ಷು, ಆಮೇಲೆ ಸ್ಟೀಮ್ ಗನ್ನಿನಿಂದ ಹಬೆ. ಹನಿ ಬಿಟ್ಟೆ. ಬ್ರಷ್ ಆಡಿಸಿದೆ. ಗನ್ನಿನ ಪೆಡಲ್ ಒತ್ತಿದೆ.

ಹಳದಿ ಕಣ್ಣೆದುರೇ ಕೆಂಪಾಯಿತು.

ಅರಿಶಿನಕ್ಕೆ ಸುಣ್ಣ ಸೇರಿದರೆ ಕುಂಕುಮವಾಗುತ್ತದೆ ಎಂದು ನಮ್ಮ ಮನೆಗಳ ಮಕ್ಕಳಿಗೂ ಗೊತ್ತು. ಆರತಿ ತಟ್ಟೆಯ ಓಕುಳಿ ಆಗುವುದೇ ಹಾಗೆ. ಅಮೋನಿಯ ಸುಣ್ಣದ ಕೆಲಸವನ್ನೇ ಮಾಡುತ್ತದೆ. ಇಪ್ಪತ್ತು ವರ್ಷ ಬಟ್ಟೆ ನೋಡಿದ ನನಗೆ ಆ ಗಳಿಗೆಯಲ್ಲಿ ಅದು ಹೊಳೆಯಲೇ ಇಲ್ಲ. ಸಾಲದ್ದಕ್ಕೆ ಹಬೆಯ ಬಿಸಿಗೆ ಬಣ್ಣ ಮಡಿಕೆಯಿಂದ ಹೊರಬದಿಗೆ ಇಳಿಯಿತು. ಒಳಗೆ ಅಡಗಿದ್ದ ಮಸುಕು ಹಳದಿ ಈಗ ಹೊರಗೆ, ಕೆನೆ ಬಣ್ಣದ ಮೇಲೆ, ರಕ್ತ ಸೋಕಿದ ಹಾಗೆ ಕುಳಿತಿತ್ತು. ಪೆಡಲಿನಿಂದ ಕಾಲು ತೆಗೆದೆ.

ಹನ್ನೆರಡು ಗಂಟೆಗೆ ತಂಗಿಯ ಫೋನು ಬಂತು. ಹೇಗಾಗುತ್ತಿದೆ ಎಂದು ಕೇಳಿದರು. ಎಲ್ಲ ಸರಿಯಾಗಿದೆ, ನಾಳೆ ಸಂಜೆಗೆ ಸಿಗುತ್ತದೆ ಎಂದೆ. ನಾಲಿಗೆ ತೊದಲಲೂ ಇಲ್ಲ.

ಫೋನಿಟ್ಟ ಮೇಲೆ ಬಂದ ಯೋಚನೆಯನ್ನು ಬರೆಯದಿದ್ದರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ. ಮಡಿಸಿ ಕೊಡುವವಳು ನಾನೇ. ಆ ಅಂಚು ಒಳಗೆ ಹೋಗುವಂತೆ ಮಡಿಸಿ, ಮೇಲೆ ಟಿಶ್ಯೂ ಕಾಗದ ಹಾಸಿ, ಕವರಿನ ಜಿಪ್ ಎಳೆದರೆ ಶುಕ್ರವಾರ ಯಾರೂ ಬಿಚ್ಚಿ ನೋಡುವುದಿಲ್ಲ. ತೆರೆಯುವುದು ನಡುಸಮುದ್ರದಲ್ಲಿ. ಅಲ್ಲಿ ಕಂಡರೆ ಹಡಗಿನಲ್ಲೇ ಏನೋ ತಾಗಿತು ಎಂದುಕೊಳ್ಳುತ್ತಾರೆ. ಈ ಲೆಕ್ಕಾಚಾರವನ್ನು ನಾನು ಪೂರ್ತಿಯಾಗಿ, ಎಡದ ಮಡಿಕೆ ಯಾವುದು ಬಲದ ಮಡಿಕೆ ಯಾವುದು ಎನ್ನುವವರೆಗೂ ಹಾಕಿದೆ. ಆಮೇಲೆ ಆ ಅಕ್ಕ ಹಡಗಿನ ಕೋಣೆಯಲ್ಲಿ ಒಬ್ಬರೇ ಅದನ್ನು ಬಿಚ್ಚಿ ನೋಡುವುದು ಕಣ್ಣಿಗೆ ಬಂತು. ಕಲಬುರಗಿಗೆ ಫೋನ್ ಮಾಡಿದೆ.

ಅಲ್ಲಿ ಹಿಂದೆ ಜನರ ಗಲಾಟೆ, ಪಾತ್ರೆಗಳ ಸದ್ದು. ನಡೆದದ್ದನ್ನು ಹೇಳಿದೆ. ಅವರು ಬಯ್ಯಲಿಲ್ಲ, ಪ್ರಶ್ನೆ ಕೇಳಿದರು. ಹಳದಿಯ ಸುತ್ತ ಎಣ್ಣೆಯ ಉಂಗುರ ಇತ್ತೇ? ಇರಲಿಲ್ಲ. ಆಕಾರ ಹೇಗಿತ್ತು? ಸ್ವಲ್ಪ ಉದ್ದನೆಯ ದುಂಡು.

"ಹಂಗಾರ ಅದು ಸಾರು ಅಲ್ರಿ ಅಕ್ಕಾರ. ಊಟದ್ದಾದ್ರ ಎಣ್ಣಿ ಇರತೈತಿ. ಅದು ನೀರಾಗ ಕಲಸಿದ್ದ ಬರೇ ಅರಿಶಿಣ. ಬಿಸಿ ತೋರಸಬ್ಯಾಡ್ರಿ ಇನ್ನ. ವಿನೆಗರ್ ಹಾಕ್ರಿ, ತಿರುಗಿ ಹಳದಿ ಆಗತೈತಿ. ಆಮ್ಯಾಲ ಸ್ಪಿರಿಟ್, ಆಮ್ಯಾಲ ಪೆರಾಕ್ಸೈಡ್. ಉಳದಿದ್ದು ಬಿಸಲ ತಿಂತೈತಿ."

ಬರಿ ಅರಿಶಿನ ಗೌನಿನ ಒಳಮಡಿಕೆಗೆ ಹೇಗೆ ಬಂತು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಿದ್ದ ಪ್ರಶ್ನೆ ಅದೊಂದೇ. ನನಗೆ ಆಗ ಬೇಕಾಗಿದ್ದದ್ದು ಮದ್ದು ಮಾತ್ರ.

ಹೊಲಿಗೆಯ ಒಳಗೆ ಉಳಿದಿದ್ದ ಚೂರು ಬಟ್ಟೆಯ ಮೇಲೆ ಮೊದಲು ಪರೀಕ್ಷೆ ಮಾಡಿಕೊಂಡೆ. ನೀರು ಬೆರೆಸಿದ ವಿನೆಗರ್ ಬಿಟ್ಟಾಗ ಕೆಂಪು ಹಿಂದಕ್ಕೆ ಸರಿದು ಹಳದಿಯಾಯಿತು, ಅರ್ಧ ಜೀವ ಬಂತು. ಕೆಳಗೆ ಬಿಳಿ ಹತ್ತಿ ಬಟ್ಟೆ ಇಟ್ಟು, ಮೇಲಿನಿಂದ ಸ್ಪಿರಿಟ್ ಒತ್ತುತ್ತಾ ಹೋದೆ. ಅಂಚಿನಿಂದ ನಡುವಿಗೆ, ಯಾವಾಗಲೂ ಅಂಚಿನಿಂದ ನಡುವಿಗೆ, ಇಲ್ಲದಿದ್ದರೆ ಕಲೆ ಹರಡಿಕೊಳ್ಳುತ್ತದೆ. ಕೆಳಗಿನ ಬಟ್ಟೆ ಹಳದಿಯಾದಂತೆ ಬದಲಿಸುವುದು, ಮತ್ತೆ ಒತ್ತುವುದು. ಮೂರು ಗಂಟೆ ಹಾಗೇ ಕಳೆಯಿತು. ಬೇರೆ ಗಿರಾಕಿಗಳಿಗೆ ಸರಿಯಾಗಿ ಮುಖ ಕೊಡಲಿಲ್ಲ. ಒಬ್ಬರ ಕೋಟಿಗೆ ಚೀಟಿ ಹಚ್ಚುವುದನ್ನೂ ಮರೆತಿದ್ದೆ. ಸಂಜೆಯ ಹೊತ್ತಿಗೆ ಉಳಿದದ್ದು ಒಂದು ನೆರಳು. ಆದರೆ ಕೆನೆ ಬಣ್ಣದ ಮೇಲೆ ನೆರಳೂ ಕಲೆಯೇ. ಇನ್ನು ಪೆರಾಕ್ಸೈಡ್ ಮತ್ತು ಬಿಸಿಲು. ಹೊರಗೆ ನೋಡಿದರೆ ಜಿಟಿಜಿಟಿ ಮಳೆ.

ಗುರುವಾರ ಬೆಳಿಗ್ಗೆಯೂ ಮೋಡ. ಅಂಗಡಿಯ ಮೇಲಿನ ತಾರಸಿಗೆ ಕುರ್ಚಿ ಒಯ್ದು, ಅದರ ಬೆನ್ನಿಗೆ ಗೌನು ಹರವಿದೆ. ಇಡೀ ಗೌನಿಗೆ ಬಿಸಿಲು ಬಿದ್ದರೆ ಸ್ಯಾಟಿನ್ನಿನ ಬಣ್ಣವೇ ಕೆಡಬಹುದು. ಅದಕ್ಕೆ ಮುರಿದ ಕೊಡೆಯ ಕಪ್ಪು ಬಟ್ಟೆ ಬಿಚ್ಚಿ, ನಾಣ್ಯದಷ್ಟು ತೂತು ಕತ್ತರಿಸಿ, ಆ ತೂತು ಕಲೆಯ ಮೇಲೆ ಬರುವಂತೆ ಹೊದಿಸಿ ಪಿನ್ ಮಾಡಿದೆ. ಪೆರಾಕ್ಸೈಡಿಗೆ ನೀರು ಬೆರೆಸಿ ಹತ್ತಿಯಲ್ಲಿ ಅದ್ದಿ ಇಟ್ಟೆ. ಆಮೇಲೆ ಮೆಟ್ಟಿಲ ಮೇಲೆ ಕೂತು ಆಕಾಶ ನೋಡಿದೆ. ಹತ್ತೂವರೆಗೆ ಮೋಡ ಒಡೆಯಿತು. ಬಿಸಿಲು ಹತ್ತು ನಿಮಿಷ ಬರುವುದು, ಹೋಗುವುದು. ಬಂದಾಗ ಹನಿ ಬಿಡುವುದು, ನೀರಿನ ಟ್ಯಾಂಕಿನ ನೆರಳು ಸರಿದಂತೆ ಕುರ್ಚಿ ಸರಿಸುವುದು. ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಹಾಕಲು ಬಂದ ಆಂಟಿ, ಒಂದು ತೂತಿಗೆ ಬಿಸಿಲು ಕಾಯಿಸುತ್ತಿದ್ದ ನನ್ನನ್ನು ಒಂದು ಥರ ನೋಡಿ ಇಳಿದುಹೋದರು.

ಹನ್ನೆರಡೂಕಾಲಿಗೆ ಕೊಡೆಯ ಬಟ್ಟೆ ತೆಗೆದು ನೋಡಿದೆ. ಹಳದಿ ಇಲ್ಲ. ಗೌನನ್ನು ಬೆಳಕಿಗೆ ಹಿಡಿದು ನೋಡಿದೆ. ಒಳಗೆ ನೋಡಿದೆ, ಹೊರಗೆ ನೋಡಿದೆ. ಎಲ್ಲಿಯೂ ಇಲ್ಲ. ನನಗೆ ನನ್ನ ಬೆನ್ನನ್ನೇ ತಟ್ಟಿಕೊಳ್ಳುವಷ್ಟು ಖುಷಿಯಾಯಿತು. ತಣ್ಣೀರಿನಲ್ಲಿ ತೊಳೆದು, ನೀರಿನ ಗೆರೆ ಉಳಿಯದಂತೆ ಸುತ್ತಲೂ ಗಾಳಿ ಹಾಯಿಸಿ ಒಣಗಿಸಿದೆ. ಎರಡು ದಿನದ ಮೇಲೆ ಅವತ್ತೇ ನಾನು ಹೊಟ್ಟೆ ತುಂಬ ಉಂಡದ್ದು.

ಮಡಿಸುವ ಕೆಲಸ ನನಗೆ ಇಷ್ಟದ್ದು. ಅವಸರ ಮಾಡಿದವರಿಗೆ ಅದು ಒಲಿಯುವುದಿಲ್ಲ. ಹಬೆ ಕೊಟ್ಟ ಬಟ್ಟೆ ಪೂರ್ತಿ ಆರಬೇಕು. ಒಂದಿಷ್ಟು ತೇವ ಉಳಿದರೂ ಸಮುದ್ರದ ಗಾಳಿಗೆ ಮುಗ್ಗಲು ವಾಸನೆ ಬರುತ್ತದೆ. ಗೌನಿನ ಎದೆಭಾಗದೊಳಗೆ ಟಿಶ್ಯೂ ಉಂಡೆಗಳನ್ನು ತುಂಬಿ ಮೈ ಇರುವ ಹಾಗೆ ಮಾಡಬೇಕು. ಎಲ್ಲಿ ಮಡಿಕೆ ಬರುತ್ತದೋ ಅಲ್ಲೆಲ್ಲ ಟಿಶ್ಯೂವಿನ ಸುರುಳಿ ಇಡಬೇಕು, ಆಗ ಬಟ್ಟೆ ಮುರಿಯುವುದಿಲ್ಲ, ಬಾಗುತ್ತದೆ. ಚಮಕಿಯದನ್ನು ಒಳಮಗ್ಗುಲಾಗಿ ಸುತ್ತಬೇಕು. ಹಡಗು ಹತ್ತಿದ ಕೂಡಲೇ ಬಿಚ್ಚಿ, ಸ್ನಾನದ ಕೋಣೆಯಲ್ಲಿ ಬಿಸಿನೀರು ಬಿಟ್ಟು, ಆ ಹಬೆಯಲ್ಲಿ ಕಾಲುಗಂಟೆ ನೇತುಹಾಕಿ ಎಂದು ಒಂದು ಚೀಟಿಯನ್ನೂ ಬರೆದಿಟ್ಟೆ. ಮೂರು ಕವರು, ಮೂರು ಜಿಪ್ಪು. ನಾಲ್ಕು ಗಂಟೆಗೆ ತಂಗಿ ಬರಬೇಕಿತ್ತು.

ಬಂದದ್ದು ಅಕ್ಕ. ತೆಳ್ಳನೆಯ ಮೈ, ನರೆತ ಕೂದಲಿನ ಸಣ್ಣ ಗಂಟು, ಬೂದು ಬಣ್ಣದ ಹತ್ತಿ ಸೀರೆ. ತಂಗಿ ಪ್ರಯಾಣಕ್ಕೆ ಚಪ್ಪಲಿ, ಏನೇನೋ ತರಲು ಹೋಗಿದ್ದಾಳೆ, ನನ್ನದನ್ನು ಒಮ್ಮೆ ನೋಡಬಹುದೇ ಎಂದು ಮೆಲ್ಲಗೆ ಕೇಳಿದರು. ಅಷ್ಟು ಕಷ್ಟಪಟ್ಟು ಮಡಿಸಿದ್ದನ್ನು ಬಿಚ್ಚಬೇಕಲ್ಲ ಎಂದು ನನಗೆ ಸಿಟ್ಟೇ ಬಂತು. ಆದರೂ ಜಿಪ್ ಎಳೆದೆ. ಅವರು ಎದೆಭಾಗ ನೋಡಲಿಲ್ಲ, ತೋಳು ನೋಡಲಿಲ್ಲ. ನೇರ ಕೆಳಗಿನ ಅಂಚನ್ನು ಹಿಡಿದು, ಎಡಗಡೆಯ ಮಡಿಕೆ ಬಿಡಿಸಿ, ಬೆರಳಲ್ಲಿ ತಡವಿದರು. ಇನ್ನೊಂದು ಪಕ್ಕ ನೋಡಿದರು. ಮತ್ತೆ ಎಡಕ್ಕೆ ಬಂದರು.

"ಇಲ್ಲಿ ಒಂದು ಹಳದಿ ಇತ್ತಲ್ಲ."

ನಾನು ಕಾಯುತ್ತಿದ್ದದ್ದೇ ಆ ಮಾತಿಗೆ. "ಇತ್ತು ಮೇಡಂ. ಎರಡು ದಿನ ಹಿಡೀತು. ಈಗ ಭೂತಗನ್ನಡಿ ಇಟ್ಟು ಹುಡುಕಿದ್ರೂ ಸಿಗಲ್ಲ," ಎಂದೆ.

ಅವರು ಗಿರಾಕಿಗಳಿಗೆಂದು ಹಾಕಿದ್ದ ಸ್ಟೂಲಿನ ಮೇಲೆ ಕೂತರು. ಗೌನಿನ ಅಂಚು ಇನ್ನೂ ಕೈಯಲ್ಲೇ ಇತ್ತು. ಏನಾಯಿತು, ನೀರು ಬೇಕೇ ಎಂದು ಕೇಳಿದೆ. ಬೇಡವೆಂದು ತಲೆಯಾಡಿಸಿ, ಪಾಠ ಹೇಳುವವರ ಹಾಗೆ ಒಂದೊಂದಾಗಿ ಹೇಳಿದರು. ಭಾನುವಾರ ಊಟವಾದ ಮೇಲೆ ಎಲ್ಲರೂ ಫೋಟೋ ತೆಗೆದುಕೊಳ್ಳುತ್ತಿದ್ದಾಗ ಅವರ ಅಮ್ಮ ಅವರನ್ನೊಬ್ಬರನ್ನೇ ದೇವರ ಕೋಣೆಗೆ ಕರೆದಿದ್ದಾರೆ. ಆ ಮನೆಯಲ್ಲಿ ಯಾರು ಹೊಸ ಬಟ್ಟೆ ಉಟ್ಟರೂ ಮೂಲೆಗೆ ಅರಿಶಿನ ಹಚ್ಚದೆ ಬಿಡುವುದಿಲ್ಲ. ಆದರೆ ಗಂಡ ಹೋದ ಮೇಲೆ ಇವರ ಬಟ್ಟೆಗೆ ಯಾರೂ ಹಚ್ಚಿರಲಿಲ್ಲ. ಅಮ್ಮನಿಗೆ ಎಂಬತ್ತನಾಲ್ಕು, ಅವರ ಗಂಡ ತೀರಿ ಮೂವತ್ತು ವರ್ಷ, ಅವರೂ ಅಂದಿನಿಂದ ಅರಿಶಿನದ ಬಟ್ಟಲು ಮುಟ್ಟಿದವರಲ್ಲ. ಅವತ್ತು ಮುಟ್ಟಿದ್ದಾರೆ. ನೀರಿನಲ್ಲಿ ಕಲಸಿ, ಬಗ್ಗಿ, ಗೌನಿನ ಅಂಚನ್ನು ಮಗುಚಿ, ಒಳಗಡೆ ಬೆರಳು ಒತ್ತಿದ್ದಾರೆ.

"ನಾನು ಹಚ್ಚಬಾರದು, ನೀನು ಹಚ್ಚಿಸ್ಕೋಬಾರದು, ಯಾರಿಗೂ ಹೇಳ್ಬೇಡ ಅಂದ್ರು. ನಾನು ತಂಗಿಗೂ ಹೇಳ್ಲಿಲ್ಲ," ಎಂದರು. "ಅದು ಇದೆ ಅಂತಾನೇ ಧೈರ್ಯ ಮಾಡಿದ್ದೆ. ಹೋಗ್ಲಿ ಬಿಡಿ. ನನಗೆ ಇರಬಾರದು ಅಂತ ಇದೆಯೇನೋ. ತಂಗಿ ಬಂದ್ರೆ ಅವಳ ಎರಡು ಕೊಟ್ಟುಬಿಡಿ. ನಾನು ಬರಲ್ಲ ಅಂತ ಅವಳಿಗೆ ನಾನೇ ಫೋನ್ ಮಾಡ್ತೀನಿ."

ಕಲಬುರಗಿಯವರು ಆಕಾರ ಹೇಗಿತ್ತು ಎಂದು ಕೇಳಿದ್ದರು. ಉದ್ದನೆಯ ದುಂಡು ಎಂದಿದ್ದೆ. ಅದು ಬೆರಳು. ಬೆರಳಿನ ಗುರುತನ್ನು ಎರಡು ದಿನ ಕಣ್ಣಿಗೆ ಹತ್ತಿರ ಹಿಡಿದು ನೋಡಿದ್ದೆ, ನನಗೆ ಕಂಡದ್ದು ಸಾರು. ನನಗೆ ಇನ್ನೊಂದು ನಾಚಿಕೆಯೂ ಆಯಿತು. ಪ್ರತಿ ಆಯುಧಪೂಜೆಗೆ ಅಂಗಡಿಗೆ ಬಂದ ಹೆಂಗಸರಿಗೆಲ್ಲ ನಾನು ಅರಿಶಿನ ಕುಂಕುಮ ಕೊಡುತ್ತೇನೆ. ಹಣೆ ಬರಿದಾಗಿದ್ದವರು ಬಂದರೆ ತಟ್ಟೆಯನ್ನು ಮೆಲ್ಲಗೆ ಕೌಂಟರಿನ ಕೆಳಗಿಟ್ಟು, ಬರೀ ಸಿಹಿ ಪೊಟ್ಟಣ ಕೊಟ್ಟು ಕಳಿಸಿದ್ದೇನೆ. ಅವರ ಮನಸ್ಸು ನೋಯದಿರಲಿ ಎಂದು ಹಾಗೆ ಮಾಡುತ್ತೇನೆಂದು ನಂಬಿದ್ದೆ. ಎಷ್ಟು ಜನರಿಗೆ ಎಂದು ನೆನಪೂ ಇಲ್ಲ.

ಸುಮ್ಮನಿದ್ದರೆ ಅವರು ಎದ್ದು ಹೋಗುತ್ತಿದ್ದರು. ಬುಧವಾರದಿಂದ ನಡೆದದ್ದನ್ನೆಲ್ಲ ಹೇಳಿದೆ. ಅಮೋನಿಯ ಹಾಕಿದ್ದು, ಕೆಂಪಾದದ್ದು, ಅವರ ತಂಗಿಗೆ ಫೋನಿನಲ್ಲಿ ಸುಳ್ಳು ಹೇಳಿದ್ದು, ಮಡಿಕೆಯೊಳಗೆ ಮುಚ್ಚಿ ಕಳಿಸುವ ಯೋಚನೆ ಮಾಡಿದ್ದು, ಯಾವುದನ್ನೂ ಬಿಡಲಿಲ್ಲ.

"ಅದು ತಾನಾಗಿ ಹೋಗ್ಲಿಲ್ಲ ಮೇಡಂ. ಏನು ಮಾಡಿದ್ರೂ ಹೋಗ್ತಿರ್ಲಿಲ್ಲ. ನಾನು ಹಟ ಹಿಡಿದು ಹೊಡೆದು ಓಡಿಸಿದೆ. ಇದರಲ್ಲಿ ನಿಮ್ಮ ಹಣೆಬರಹ ಏನೂ ಇಲ್ಲ, ನನ್ನ ದಡ್ಡತನ ಇದೆ."

ಅವರು ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಹೋಗಲಿ ಬಿಡಿ ಎಂದು ಮತ್ತೆ ಅಂದರು. ಆ ಹೋಗಲಿ ಬಿಡಿಯನ್ನು ಕೇಳಲಾಗದೆ ನಾನು ಗೌನನ್ನು ಹ್ಯಾಂಗರಿಗೆ ಹಾಕಿ, ಮೇಲೆ ಕವರು ಇಳಿಬಿಟ್ಟು, ಅಮ್ಮನ ಮನೆಗೆ ಹೋಗೋಣ ನಡೆಯಿರಿ ಎಂದೆ. ಅಮ್ಮನಿಗೆ ತಿಳಿದರೆ ನೊಂದುಕೊಳ್ಳುತ್ತಾರೆ, ಬೇಡ ಎಂದರು. ತೆಗೆದವಳು ನಾನು, ಬೈಸಿಕೊಳ್ಳುವವಳೂ ನಾನೇ ಎಂದೆ. ಐದು ಗಂಟೆಗೆ ಒಬ್ಬರು ಮದುವೆ ಸೂಟಿಗೆ ಬರುವವರಿದ್ದರು. ಅವರಿಗೆ ಫೋನ್ ಮಾಡಿ ಕ್ಷಮೆ ಕೇಳಿ, ತಂಗಿಯ ಎರಡು ಗೌನನ್ನು, ಅವರು ಬಂದರೆ ಕೊಡಿ ಎಂದು ಪಕ್ಕದ ಮೆಡಿಕಲ್ ಶಾಪಿನಲ್ಲಿ ಇಟ್ಟು, ಷಟರ್ ಎಳೆದೆ.

ಆಟೋದಲ್ಲಿ ಹ್ಯಾಂಗರನ್ನು ಮೇಲಿನ ಕಂಬಿಗೆ ಸಿಗಿಸಿ, ಗೌನಿನ ಕೆಳಭಾಗವನ್ನು ಮಡಿಲಲ್ಲಿ ಹಿಡಿದಿದ್ದೆ. ಶಂಕರಮಠದ ಸರ್ಕಲ್ಲಿನಲ್ಲಿ ಸಿಗ್ನಲ್ ಮೂರು ಸಲ ಬದಲಾದರೂ ನಮ್ಮ ಆಟೋ ಮುಂದೆ ಹೋಗಲಿಲ್ಲ. ನನಗೆ ಭಯವಾಗತೊಡಗಿತು. ಆ ಮುದುಕಿ ಅಪಶಕುನ ಎಂದುಬಿಟ್ಟರೆ? ಕದ್ದು ಹಚ್ಚಿದ್ದನ್ನು ದೇವರೇ ಅಳಿಸಿದ ಎಂದರೆ? ಅಂಗಡಿಯಲ್ಲಿ ಕೂತು ಮುಗಿಯಬಹುದಾಗಿದ್ದ ಸಂಕಟವನ್ನು ಹೊತ್ತುಕೊಂಡು ಅವರ ಮನೆತನಕ ಒಯ್ಯುತ್ತಿದ್ದೇನೆ ಎನ್ನಿಸಿತು. ಪಕ್ಕದಲ್ಲಿ ಅಕ್ಕ ಎರಡು ಸಲ ಫೋನ್ ತೆಗೆದು ತಂಗಿಯ ಹೆಸರಿನ ತನಕ ಹೋಗಿ ಮತ್ತೆ ಒಳಗಿಟ್ಟುಕೊಂಡರು.

ಅಮ್ಮ ಹಾಲಿನಲ್ಲಿ ಮಂಚದ ಮೇಲೆ ಕೂತಿದ್ದರು. ಬಾಗಿಲು ತೆರೆದೇ ಇತ್ತು, ಎದುರುಮನೆಯವರು ಹೂವಿನವಳ ಹತ್ತಿರ ಚೌಕಾಸಿ ಮಾಡುತ್ತಿದ್ದದ್ದು ಕೇಳುತ್ತಿತ್ತು. ಸೊಸೆ ಕೂರಿ ಎಂದು ಹೇಳಿ ನೀರು ತಂದರು. ನಾನು ಕೂರಲಿಲ್ಲ. ಬಟ್ಟೆ ಕ್ಲೀನ್ ಮಾಡುವವಳು ನಾನೇ ಎಂದೆ. ಅಂಚಿನ ಅರಿಶಿನವನ್ನು ಊಟದ ಕಲೆ ಎಂದುಕೊಂಡು ತೆಗೆದುಬಿಟ್ಟೆ, ತಪ್ಪಾಯಿತು ಎಂದೆ. ಸೊಸೆ ಅತ್ತೆಯ ಮುಖ ನೋಡಿದರು. ಅರಿಶಿನದ ವಿಷಯ ಅವರಿಗೂ ಗೊತ್ತಿರಲಿಲ್ಲ.

ಅಮ್ಮ ಮಗಳನ್ನು ನೋಡಿದರು, ಗೌನನ್ನು ನೋಡಿದರು. ಅವರ ಬಾಯಿ ಏನೋ ಅಗಿಯುವವರ ಹಾಗೆ ಆಡುತ್ತಿತ್ತು.

"ನಿನ್ನ ತಪ್ಪಲ್ಲ ಕಣಮ್ಮ," ಎಂದರು ನನಗೆ. "ಕದ್ದು ಮಡಿಕೆ ಒಳಗೆ ಹಚ್ಚಿದ್ದನ್ನ ಕಲೆ ಅನ್ನದೆ ಇನ್ನೇನು ಅಂತಾರೆ. ನಾನೇ ಹೆದರ್ಕೊಂಡು ಹಚ್ಚಿದ್ದು." ಆಮೇಲೆ ಸೊಸೆಯ ಕಡೆ ತಿರುಗಿ, "ಅರಿಶಿನದ ಬಟ್ಲು ತಗೊಂಬಾ," ಎಂದರು.

ಸೊಸೆ ತಕ್ಷಣ ಕದಲಲಿಲ್ಲ. ತೆರೆದ ಬಾಗಿಲ ಕಡೆ ಒಮ್ಮೆ ನೋಡಿದರು. ಅದನ್ನು ಮುಂದೆ ಮಾಡಲೇ ಎಂದು ಕೇಳುವ ಹಾಗಿತ್ತು ಆ ನೋಟ. ಅಮ್ಮ ಮಗಳನ್ನೇ ನೋಡುತ್ತಿದ್ದರು, ಸೊಸೆಯೂ ಬಾಗಿಲು ಮುಚ್ಚಲಿಲ್ಲ. ಒಳಗೆ ಹೋಗಿ ಬಟ್ಟಲು, ಒಂದು ಉದ್ಧರಣೆ ನೀರು ತಂದು ಅತ್ತೆಯ ಎದುರಿಗಿಟ್ಟರು.

ಅಮ್ಮ ಅಂಗೈಯಲ್ಲಿ ಅರಿಶಿನ ಕಲಸಿದರು. ಕಲಸುವಾಗಲೇ ಅರ್ಧ ಸೀರೆಯ ಮೇಲೆ ಬಿತ್ತು. ನಾನು ಅಭ್ಯಾಸಬಲದಿಂದ ಗೌನನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ಗೋಡೆಯ ಕಡೆ ಸರಿದೆ. ಅದನ್ನು ಕಂಡು ಅವರು ಅಷ್ಟರಲ್ಲೂ ನಕ್ಕರು. ಹೆದರಬೇಡ, ಅದರ ತಂಟೆಗೆ ಬರುವುದಿಲ್ಲ ಎಂದರು. ಮಗಳನ್ನು ಹತ್ತಿರ ಕರೆದರು. ಅಕ್ಕ ಮಂಚದ ಕೆಳಗೆ ಮಂಡಿಯೂರಿ ಕೂತರು. ಅಮ್ಮ ಎರಡೂ ಕೆನ್ನೆಗೆ, ಹಬ್ಬದ ದಿನ ಚಿಕ್ಕ ಮಕ್ಕಳಿಗೆ ಹಚ್ಚುವ ಹಾಗೆ, ಅಂಗೈ ತುಂಬ ಹಚ್ಚಿದರು. ಎದುರುಮನೆಯವರು ಹೂವು ಹಿಡಿದುಕೊಂಡು ಗೇಟಿನ ಹತ್ತಿರ ನಿಂತು ನೋಡುತ್ತಿದ್ದರು. ಅಮ್ಮ ಅವರನ್ನು ನೋಡಿದರು, ನೋಡಿಯೂ ಕೈ ತೆಗೆಯಲಿಲ್ಲ.

ಅಕ್ಕ ಅಳುತ್ತಿದ್ದರು, ಅರಿಶಿನ ಗಲ್ಲದ ತನಕ ಇಳಿಯುತ್ತಿತ್ತು. ಹಾಗೇ ಅಮ್ಮನ ಕೈ ಹಿಡಿದು, ಅಂಗೈಯಲ್ಲಿ ಉಳಿದದ್ದನ್ನು ಬೆರಳಿಗೆ ಹಚ್ಚಿಕೊಂಡು, ಅಮ್ಮನ ಕೆನ್ನೆಗೆ ಒತ್ತಿದರು. ಮುದುಕಿ ಬೇಡ ಎನ್ನಲು ಬಾಯಿ ತೆರೆದರು, ಅನ್ನಲಿಲ್ಲ. ಕಣ್ಣು ಮುಚ್ಚಿಕೊಂಡರು. ಇನ್ನೊಂದು ಕೆನ್ನೆಯನ್ನೂ ತಿರುಗಿಸಿದರು.

ನಾನು ಒಳಕೋಣೆಯ ಹಾಸಿಗೆಯ ಮೇಲೆ ಗೌನನ್ನು ಎರಡನೆಯ ಸಲ ಮಡಿಸಿದೆ. ಟಿಶ್ಯೂ ಕಾಗದ ತಂದಿರಲಿಲ್ಲ. ಸೊಸೆ ಬೀರುವಿನಿಂದ ಹಳೆಯ ಮಲ್ಲಿನ ಪಂಚೆ ತಂದುಕೊಟ್ಟರು, ಅದನ್ನೇ ಸುರುಳಿ ಮಾಡಿ ಮಡಿಕೆಗಳೊಳಗೆ ಇಟ್ಟೆ. ನನ್ನ ಕಣ್ಣೂ ಮಂಜಾಗಿತ್ತು, ಒಂದು ಮಡಿಕೆ ಸೊಟ್ಟಗೆ ಬಂದು ಮತ್ತೆ ಬಿಚ್ಚಬೇಕಾಯಿತು. ಹೊರಗೆ ಬರುವ ಹೊತ್ತಿಗೆ ಅಕ್ಕ ಕನ್ನಡಿಯ ಮುಂದೆ ನಿಂತಿದ್ದರು. ಫೋನು ಕಿವಿಯಲ್ಲಿತ್ತು. ನಾಳೆ ಎಷ್ಟು ಹೊತ್ತಿಗೆ ಹೊರಡುವುದು, ಕಾರು ಮೊದಲು ಯಾರ ಮನೆಗೆ ಬರುತ್ತದೆ ಎಂದು ತಂಗಿಯನ್ನು ಕೇಳುತ್ತಿದ್ದರು. ಫೋನಿಟ್ಟು ನನ್ನ ಕೈಯಿಂದ ಕವರು ತೆಗೆದುಕೊಂಡರು. ಆಮೇಲೆ ಕನ್ನಡಿಯಲ್ಲಿ ಮತ್ತೆ ಮುಖ ನೋಡಿಕೊಂಡು, ಅಮ್ಮನ ಕಡೆ ತಿರುಗಿದರು.

"ಬೆಳಗ್ಗೆ ಹೊರಡೋವಾಗ ತೊಳ್ಕೋಬೇಕಲ್ಲಮ್ಮ ಇದನ್ನ."

"ತೊಳ್ಕೋ," ಎಂದರು ಅಮ್ಮ. "ವಾಪಸ್ ಬಂದ ಮೇಲೆ ಮತ್ತೆ ಹಚ್ತೀನಿ."